ಐನ್‌ಮನೆ ದಾಟಿ ಲೈನ್‌ಮನೆಗೆ: ಕೊಡಗಿನ ಊರುಗಳ ಚರಿತ್ರೆ ನಡೆದ ದಾರಿ

ಈಚೆಗೆ ಮೂರ್ನಾಡಿನ ಮದುವೆಯೊಂದರಲ್ಲಿ ಪಕ್ಕ ಊಟಕ್ಕೆ ಕೂತ ಹುಡುಗ, ‘ಕೊಡವರು ಅಲೆಕ್ಸಾಂಡರನ ಸೈನಿಕರ ಸಂತತಿಯಂತೆ, ಹೌದಾ ಮೇಷ್ಟ್ರೇ?’ ಅಂದ. ವಾಟ್ಸಾಪಿನಲ್ಲಿ ಬಂದಿತ್ತಂತೆ. ನಿಮ್ಮೂರಿನ ದೇವಕಾಡಿನ ಗಡಿ ಎಲ್ಲಿಯವರೆಗಿತ್ತು ಹೇಳು ಅಂದೆ. ಸುಮ್ಮನೆ ಪಾಯಸಕ್ಕೆ ಕೈ ಹಾಕಿದ.

ನಮ್ಮ ಊರುಗಳ ಬಗ್ಗೆ ಬರೆದಿಟ್ಟದ್ದರ ಹಳೆಯ ಕತೆ ಬೇಗ ಮುಗಿಯುತ್ತದೆ. 9ನೇ ಶತಮಾನದ ಗಂಗರ ಶಾಸನವೊಂದು ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಜಿನಾಲಯಕ್ಕೆ ಬಿಟ್ಟದ್ದನ್ನು ಹೇಳುತ್ತದೆ. ಇಂಥ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಅಚ್ಚು ಹಾಕಿಸಿದರು. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಬರೆಸಿದ ‘ರಾಜೇಂದ್ರನಾಮೆ’ ಅರಮನೆಯ ಚರಿತ್ರೆ. ಜರ್ಮನ್ ಪಾದ್ರಿಗಳ ಪೈಕಿ 1855ರಲ್ಲಿ ಮೋಗ್ಲಿಂಗ್, 1870ರಲ್ಲಿ ರಿಕ್ಟರ್ ಕೊಡಗಿನ ಬಗ್ಗೆ ಬರೆದರು. ರಿಕ್ಟರನ ಕೈಪಿಡಿಯನ್ನು ಹೆಸರು ಹೇಳದೆ ನಕಲಿಳಿಸುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಊರು ಬಾಯಿಬಿಟ್ಟದ್ದು 1924ರಲ್ಲಿ. ಪೊಲೀಸ್ ಕೆಲಸದಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪ ದುಡಿ ಬಡಿದು ಹಾಡುವವರನ್ನು ಹುಡುಕಿ, ಅವರ ಹಾಡುಗಳನ್ನು ‘ಪಟ್ಟೋಲೆ ಪಳಮೆ’ಯಲ್ಲಿ ಕೂಡಿಸಿದರು. ಒಕ್ಕ ಎಂಬ ಮನೆತನ, ನಾಡು, ದೇವರು ದಾಟಿಬಂದ ಕಡವು ಎಲ್ಲ ಅದರಲ್ಲಿವೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರೂ ಕೊಡವರ ಕುರಿತ 1952ರ ಪುಸ್ತಕದಲ್ಲಿ ಅದಕ್ಕೆ ಮೊರೆಹೋದರು. ಲೋಕ ಆ ಪುಸ್ತಕದ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆಯನ್ನು ಹಿಡಿದುಕೊಂಡಿತು, ಊರನ್ನು ಬಿಟ್ಟಿತು.

ನಮ್ಮ ತಲೆಮಾರಿನವರು ಆ ಹಾಡುಗಳ ಬೆನ್ನು ಹಿಡಿದು, ಹೆಗಲಿಗೆ ಟೇಪ್‌ರೆಕಾರ್ಡರ್ ತೂಗಿಕೊಂಡು ಒಕ್ಕಗಳ ಮೂಲಮನೆಗಳಾದ ಐನ್‌ಮನೆಗಳ ಮೆಟ್ಟಿಲು ಹತ್ತಿದೆವು. ಬಲಮುರಿ ಕಡೆಯ ಒಂದು ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ, ತೂಗುದೀಪದ ಕೆಳಗೆ, ಅಜ್ಜ ಒಬ್ಬರು ಅರಸ ಲಿಂಗರಾಜನ ಕಾಲದ ಭೂಕಂದಾಯ ದಾಖಲೆಯಾದ ಶಿಸ್ತಿನ ನಕಲನ್ನು ಬಿಚ್ಚಿದ್ದು ನೆನಪಿದೆ. ಹುಳು ತಿಂದ ತೂತುಗಳ ನಡುವೆ ಒಂದೊಂದೇ ಗದ್ದೆಯ ಹೆಸರು ಓದುವುದು, ಕಿಟಕಿಯಾಚೆ ಬೆರಳು ತೋರಿಸುವುದು. ಒಂದು ಹೆಸರಿಗೆ ಬೆರಳು ಮೇಲೇಳಲಿಲ್ಲ, ಅಲ್ಲೀಗ ಕಾಫಿ. ಬೊವ್ವೇರಿಯಂಡ ನಂಜಮ್ಮ–ಚಿಣ್ಣಪ್ಪ ದಂಪತಿ ಇಡೀ ಜಿಲ್ಲೆಯ ಐನ್‌ಮನೆಗಳನ್ನು ಸುತ್ತಿ ದಾಖಲಿಸಿದರು, 2003ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಇಂಗ್ಲಿಷಿಗೂ ತಂದರು. ಯಾವ ವಿಶ್ವವಿದ್ಯಾಲಯಕ್ಕೂ ಇಷ್ಟು ತಾಳ್ಮೆ ಇರಲಿಲ್ಲ ಎಂದರೆ ಕೆಲವರಿಗೆ ಬೇಸರವಾದೀತು, ಆಗಲಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಜಾರಿ ಮನೆಗಳು ಮಣ್ಣುಪಾಲಾದಾಗ ಅವರ ಕೆಲಸದ ಬೆಲೆ ಇನ್ನೂ ತಿಳಿಯಿತು.

ಆದರೆ ನಾವು ಹತ್ತಿದ್ದು ಐನ್‌ಮನೆಯ ಮೆಟ್ಟಿಲು ಮಾತ್ರ. ಅದೇ ಗದ್ದೆಯಲ್ಲಿ ನಾಟಿ ಮಾಡಿದ ಎರವ ಆದಿವಾಸಿಗಳ ಹಾಡಿಗಳಿಗೆ, ತೋಟದ ಕೂಲಿಗಳ ಲೈನ್‌ಮನೆಗೆ ಟೇಪ್‌ರೆಕಾರ್ಡರ್ ಹೋಗಲಿಲ್ಲ. ನಾನೂ ಒಯ್ಯಲಿಲ್ಲ.

ಹೀಗೆ ಬಿಟ್ಟುಹೋದವರ ಊರನ್ನು ದಾಖಲೆಗಳಿಂದಲೂ ಕಟ್ಟಿಕೊಳ್ಳಬಹುದು. ಕ್ಯಾಲಿಫೋರ್ನಿಯಾ ಕರಾವಳಿಯ ಚೂಮಾಶ್ ಜನರ ಹಳ್ಳಿಗಳು ಸ್ಪೇನಿನ ಮಿಷನ್ನುಗಳ ಕಾಲದಲ್ಲಿ ಬರಿದಾದವು. ಆದರೆ ದೀಕ್ಷಾಸ್ನಾನ ಪಡೆದವರ ಹುಟ್ಟೂರನ್ನು ಪಾದ್ರಿಗಳು ರಿಜಿಸ್ಟರಿನಲ್ಲಿ ಬರೆದಿದ್ದರು. ಆ ಸಾಲುಗಳನ್ನೇ ಜೋಡಿಸಿ ಮಾನವಶಾಸ್ತ್ರಜ್ಞ ಜಾನ್ ಜಾನ್ಸನ್ ಯಾವ ಹಳ್ಳಿಗೂ ಯಾವ ಹಳ್ಳಿಗೂ ಮದುವೆ ಸಂಬಂಧವಿತ್ತು ಎಂಬುದನ್ನು ಕಂಡುಕೊಂಡರು. ನಮ್ಮಲ್ಲಿ 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ, ಇವರು ಎಲ್ಲಿಯವರು ಎಂದು ಎಲ್ಲರೂ ಕೇಳುವವರೇ. ಹೇಳಬಲ್ಲ ಒಂದು ಪುಸ್ತಕ ನಮ್ಮ ಕಪಾಟಿನಲ್ಲಿರಲಿಲ್ಲ.

ಹೋದ ವರ್ಷ ಗುಜರಿ ಅಂಗಡಿಯಲ್ಲಿ ಹಳೆಯ ತೋಟವೊಂದರ ಕೂಲಿಗಳ ಹಾಜರಿ ಪುಸ್ತಕ, ಚೆಕ್‌ರೋಲ್ ಸಿಕ್ಕಿತು. ತೂಕಕ್ಕೆ ಕೊಂಡೆ. ರೈಟರನ ಅಕ್ಷರ ದುಂಡಗಿದೆ. ಕಾಳ, ಬೊಳ್ಳಿ, ಚೋಮ ಎಂದು ಒಂಟಿ ಹೆಸರುಗಳು, ಎದುರಿಗೆ ಹೆಬ್ಬೆಟ್ಟಿನ ನೀಲಿ ಗುರುತು. ದಿನಗಳಿಗೆ ಮೂವತ್ತೊಂದು ಚೌಕ, ಮುಂಗಡಕ್ಕೊಂದು, ಅಕ್ಕಿಗೊಂದು. ಊರಿನ ಹೆಸರಿಗೆ ಚೌಕ ಹಾಕಿರಲಿಲ್ಲ.