ಹಾಸ್ಟೆಲ್ ವೈ-ಫೈ: ಕಾರಿಡಾರಿನಲ್ಲೋ, ಕೊಠಡಿಯಲ್ಲೋ?

ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ನಿಲಯಗಳಲ್ಲಿ ನಿಸ್ತಂತು ಜಾಲ ಅಳವಡಿಸುವವರ ಕಣ್ಣು ಸಾಮಾನ್ಯವಾಗಿ ಮೊದಲು ಬೀಳುವುದು ಕಾರಿಡಾರಿನ ಚಾವಣಿಯ ಮೇಲೆ. ಅಲ್ಲಿ ಕೇಬಲ್ ಎಳೆಯುವುದು ಸುಲಭ. ದುರಸ್ತಿಗೆಂದು ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಆದರೆ ಅಲ್ಲಿ ತೂಗುಹಾಕಿದ ಆಕ್ಸೆಸ್ ಪಾಯಿಂಟ್‌ನಿಂದ ಪೂರ್ಣ ಸಂಕೇತ ದೊರೆಯುವುದು ಓಡಾಡುವವರಿಗೆ, ಕೊಠಡಿಯೊಳಗೆ ಕಿಟಕಿ ಪಕ್ಕದ ಮೇಜಿನಲ್ಲಿ ಓದುತ್ತಿರುವವರಿಗಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಮೇಲೆ ಕೂರಬೇಕಾದ ಪಾಡಿಗೆ ಬಹುಮಟ್ಟಿಗೆ ಇದೇ ಕಾರಣ.

ಸಂಕೇತದಲ್ಲಿ 3 ಡೆಸಿಬಲ್ ನಷ್ಟವಾದರೆ ಶಕ್ತಿ ಅರ್ಧಕ್ಕಿಳಿಯುತ್ತದೆ, 10 ಡೆಸಿಬಲ್ ನಷ್ಟವಾದರೆ ಹತ್ತನೆಯ ಒಂದು ಭಾಗವಷ್ಟೇ ಉಳಿಯುತ್ತದೆ. ಕಾಂಕ್ರೀಟ್ ಗೋಡೆ ಅದನ್ನು ಹೀರುತ್ತದೆ, ಉಕ್ಕಿನ ಬೀರು ಹಿಂದಕ್ಕೆ ಅಟ್ಟುತ್ತದೆ. 5 ಗಿಗಾಹರ್ಟ್ಸ್ ತರಂಗಗಳಿಗೆ ಈ ಪೆಟ್ಟು ಇನ್ನೂ ಹೆಚ್ಚು.

ಅಷ್ಟಾಗಿ ಯಾರೂ ಗಮನಿಸದ ತೊಡಕು ಬೇರೊಂದಿದೆ. ನೇರವಾದ ಕಾರಿಡಾರಿನಲ್ಲಿ ಸಾಲಾಗಿ ಹಾಕಿದ ಸಾಧನಗಳು ಅಡ್ಡಗೋಡೆಯಿಲ್ಲದೆ ಒಂದನ್ನೊಂದು ಕೇಳಿಸಿಕೊಳ್ಳುತ್ತವೆ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಂದೇ ಸಾಧನ ಮಾತನಾಡಬೇಕು; ಉಳಿದವು ಸರದಿ ಕಾಯಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಹೀಗಾಗಿ ದೂರು ಬಂದಾಗಲೆಲ್ಲ ಅದೇ ಸಾಲಿಗೆ ಇನ್ನೊಂದು ಪೆಟ್ಟಿಗೆ ಸೇರಿಸಿದರೆ ವೇಗ ಕುಸಿಯುವುದೇ ಹೆಚ್ಚು. ಪ್ರಸಾರ ಶಕ್ತಿ ಏರಿಸುವುದೂ ನಿಷ್ಪ್ರಯೋಜಕ. ಮೊಬೈಲ್‌ಗೆ ಸಂಕೇತ ಕೇಳಿಸಿದರೂ ಅದರ ಕ್ಷೀಣ ಉತ್ತರ ಹಿಂದಿರುಗಿ ತಲುಪದು. ವಿದ್ಯಾರ್ಥಿಗಳು ತಾವೇ ತಂದಿಟ್ಟುಕೊಳ್ಳುವ ರೂಟರ್‌ಗಳಿಂದ ಗದ್ದಲ ಮತ್ತಷ್ಟು.

ಆದುದರಿಂದ ಸಾಧನಗಳನ್ನು ಕೊಠಡಿಗಳೊಳಗೇ, ಒಂದೆರಡು ಕೊಠಡಿ ಬಿಟ್ಟು, ಕಡಿಮೆ ಶಕ್ತಿಯಲ್ಲಿ ಅಳವಡಿಸುವುದು ಲೇಸು. ಆಗ ಗೋಡೆಗಳೇ ತಡೆಯಾಗಿ ಒಂದರ ಸದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಮೇಲಿನ ಅಂತಸ್ತಿನ ಸಾಧನ ಕೆಳಗಿನದರ ನೇರಕ್ಕೆ ಬಾರದಂತೆ ಸ್ಥಾನ ಬದಲಿಸಬೇಕು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಲ್ಲಿ ಪರವಾನಗಿಯಿಂದ ಮುಕ್ತವಾಯಿತು. 2018ರ ಅಧಿಸೂಚನೆಯಿಂದ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 605 ಮೆಗಾಹರ್ಟ್ಸ್ ಮುಕ್ತ ಬಳಕೆಗೆ ಲಭ್ಯವಾಯಿತು. ದಟ್ಟ ವಸತಿಗೆ ಈ ಎರಡನೆಯದೇ ಆಸರೆ. ವಿದ್ಯುತ್ತನ್ನೂ ದತ್ತಾಂಶವನ್ನೂ ಒಂದೇ ಕೇಬಲ್ ಒಯ್ಯುವ ವ್ಯವಸ್ಥೆ 2003ರಲ್ಲೇ ಪ್ರಮಾಣೀಕೃತವಾಗಿದ್ದು, ಪ್ರತಿ ಕೊಠಡಿಗೂ ಪ್ರತ್ಯೇಕ ವಿದ್ಯುತ್ ಸಂಪರ್ಕ ಬೇಕಿಲ್ಲ. ಕೇಬಲ್‌ನ ಉದ್ದ ಮಾತ್ರ 100 ಮೀಟರ್ ಮೀರುವಂತಿಲ್ಲ.

ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಕೆಲಸ ಆರಂಭವಾದ 'ವೈರ್‌ಲೆಸ್ ಆಂಡ್ರ್ಯೂ' ಇಂತಹ ಆವರಣ ಜಾಲಗಳಿಗೆ ಮೇಲ್ಪಂಕ್ತಿ. ಅದರ ರೂವಾರಿ ಅಲೆಕ್ಸ್ ಹಿಲ್ಸ್ ನಕ್ಷೆಯೊಂದನ್ನೇ ನೆಚ್ಚದೆ, ಕಟ್ಟಡದೊಳಗೆ ಸಂಕೇತವನ್ನು ಅಳೆದು ಸ್ಥಾನ ನಿರ್ಧರಿಸುವ ಕ್ರಮವನ್ನು ಪ್ರತಿಪಾದಿಸಿದರು.

ಆ ಅಳತೆಯನ್ನು ರಜೆಯಲ್ಲಿ, ಬಾಗಿಲು ತೆರೆದ ಖಾಲಿ ಕೊಠಡಿಗಳಲ್ಲಿ ಮುಗಿಸಿದರೆ ಲೆಕ್ಕ ತಪ್ಪುತ್ತದೆ. ಮನುಷ್ಯನ ದೇಹವೂ ತರಂಗಗಳನ್ನು ಹೀರುತ್ತದೆ. ಬಾಗಿಲು ಮುಚ್ಚಿ, ಬೀರು ಸ್ವಸ್ಥಾನದಲ್ಲಿರುವಾಗ, ವಿದ್ಯಾರ್ಥಿ ಕೂರುವ ಮೇಜಿನ ಮೇಲೆಯೇ ಅಳೆದ ಬಳಿಕವಷ್ಟೇ ಗುತ್ತಿಗೆದಾರರ ಬಿಲ್ಲಿಗೆ ಸಹಿ ಬೀಳಬೇಕು.