ಶಿಲುಬೆಗೇರಿಸುವುದು: ಡಚ್ಚರ ಪದ, ನಮ್ಮ ಪದ

ಡಚ್ ಭಾಷೆಯಲ್ಲಿ ‘ಕ್ರೌಯ್ಸ್’ ಎಂದರೆ ಶಿಲುಬೆ, ‘ಕ್ರೌಯ್ಸಿಗೆನ್’ ಎಂದರೆ ಶಿಲುಬೆಗೇರಿಸುವುದು. ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ ಘಟನೆಗೆ ಅವರು ‘ಕ್ರೌಯ್ಸಿಗಿಂಗ್’ ಎನ್ನುತ್ತಾರೆ. ಇದರ ನೆರೆಯ ‘ಕ್ರೌಯ್ಸೆನ್’ ಬೇರೆಯೇ ಪದ. ಅದಕ್ಕೆ ಅಡ್ಡ ಹಾಯುವುದು, ತಳಿ ಬೆರೆಸುವುದು, ಹಡಗು ಅತ್ತಿತ್ತ ಸಂಚರಿಸುವುದು ಎಂಬ ಅರ್ಥಗಳಿವೆ. ನಮ್ಮ ಬಂದರಿಗೆ ಬರುವ ‘ಕ್ರೂಸ್’ ಹಡಗಿನ ಹೆಸರು ಹುಟ್ಟಿದ್ದು ಈ ಎರಡನೆಯ ಪದದಿಂದ.

ಡಚ್ ಪದದ ಮೂಲ ಲತೀನಿನ ‘ಕ್ರುಕ್ಸ್’. ಪೋರ್ಚುಗೀಸರ ‘ಕ್ರುಸ್’ ಮೂಲಕ ಬಂದ ನಮ್ಮ ಕೊಂಕಣಿಯ ‘ಖುರಿಸ್’ ಕೂಡ ಅದೇ ಬೇರಿನದು. ಕನ್ನಡದ ‘ಶಿಲುಬೆ’ ಮಾತ್ರ ಪೂರ್ವದ ಕೂಸು. ಸಿರಿಯಾಕ್ ಭಾಷೆಯ ‘ಸ್ಲೀಬಾ’ ಅದರ ಮೂಲ, ತಮಿಳಿನ ‘ಸಿಲುವೈ’ ಒಡಹುಟ್ಟು, ಅರಬ್ಬೀ ಹಾಗೂ ಉರ್ದುವಿನ ‘ಸಲೀಬ್’ ದಾಯಾದಿ. ಹೀಗಾಗಿ ದಾವಣಗೆರೆ, ಹರಿಹರಗಳಲ್ಲಿ ನೆಲೆಸಿರುವ ಕರಾವಳಿಯ ಕುಟುಂಬ ಮನೆಯಲ್ಲಿ ‘ಖುರಿಸ್’ ಎನ್ನುತ್ತದೆ, ಹರಿಹರದ ಆರೋಗ್ಯಮಾತೆಯ ಬಸಿಲಿಕದ ಕನ್ನಡ ಪೂಜೆಯಲ್ಲಿ ‘ಶಿಲುಬೆ’ ಎನ್ನುತ್ತದೆ, ಪೇಟೆಯ ಉರ್ದು ಮಾತಿನಲ್ಲಿ ‘ಸಲೀಬ್’ ಎಂದು ಕೇಳುತ್ತದೆ. ಡಚ್ಚರಿಗೆ ಹತ್ತಿರದ ನಂಟು ಮನೆಯ ಮಾತಿನದು!

ಆದರೆ ನಾಮಪದಕ್ಕಿಂತ ಕ್ರಿಯಾಪದ ಗಮನಾರ್ಹ. ಡಚ್ ಪದದಲ್ಲಿ ಶಿಲುಬೆ ಬಿಟ್ಟರೆ ಬೇರೇನೂ ಕಾಣದು. ಕೊಂಕಣಿಯ ‘ಖುರ್ಸಾರ್ ಖಿಳಾಂವ್ಚೆಂ’ ಎಂಬಲ್ಲಿ ಮೊಳೆ ಕಾಣುತ್ತದೆ. ಕನ್ನಡವು ‘ಶೂಲಕ್ಕೇರಿಸು’, ‘ಗಲ್ಲಿಗೇರಿಸು’ ಎಂಬ ಮಾತುಗಳ ಸಾಲಿನಲ್ಲಿ ‘ಶಿಲುಬೆಗೇರಿಸು’ ಎನ್ನುತ್ತದೆ. ಇಲ್ಲಿ ಕಾಣುವುದು ಮೇಲೆತ್ತುವ ಕ್ರಿಯೆ. ರೋಮನ್ನರ ಶಿಕ್ಷೆಯಲ್ಲಿ ಅಪರಾಧಿಯನ್ನು ನಿಜಕ್ಕೂ ಮೇಲಕ್ಕೆತ್ತುತ್ತಿದ್ದರು. ಸಂತ ಯೊವಾನ್ನರ ಶುಭಸಂದೇಶದಲ್ಲಿ (3:14, 8:28, 12:32) ಬರುವ ಗ್ರೀಕ್ ಕ್ರಿಯಾಪದ ‘ಹಿಪ್ಸೋ’ ಕೂಡ ಮೇಲೆತ್ತುವುದೇ. ಅದಕ್ಕೆ ಮಹಿಮೆಗೇರಿಸುವುದು ಎಂಬ ಅರ್ಥವೂ ಇದೆ. ಶಿಕ್ಷೆಯ ಮಾತಿನಲ್ಲೇ ಮಹಿಮೆಯೂ ಅಡಗಿದೆ. ಇದನ್ನು ಡಚ್ಚರಿಗೆ ಅಡಿಟಿಪ್ಪಣಿ ಹಾಕಿ ವಿವರಿಸಬೇಕು. ನಮ್ಮ ಧರ್ಮೋಪದೇಶ ತರಗತಿಯ ಮಗುವಿಗೆ ಪದವೇ ಅರ್ಧ ಹೇಳಿಬಿಡುತ್ತದೆ.

ಬಳಕೆಯಲ್ಲಿ ಒಂದು ಎಚ್ಚರ ಬೇಕು. ಶಿಲುಬೆಯ ಹಾದಿಯ ಹನ್ನೊಂದನೆಯ ಸ್ಥಳದಲ್ಲಿ ಮೊಳೆ ಹೊಡೆಯುವುದನ್ನು ಧ್ಯಾನಿಸುತ್ತೇವೆ. ಅಲ್ಲಿ ‘ಶಿಲುಬೆಗೆ ಜಡಿದರು’ ಎನ್ನುವುದೇ ಸರಿ, ಏರಿಸುವುದು ಅನಂತರ. ವಾಚಕರು ಎರಡನ್ನೂ ಒಂದೇ ಎಂಬಂತೆ ಓದಿಬಿಡುತ್ತಾರೆ. ಇನ್ನು ಟೀಕೆಗೊಳಗಾದವರನ್ನೆಲ್ಲ ‘ಶಿಲುಬೆಗೇರಿಸಿದರು’ ಎಂದು ಬರೆಯುವ ಪತ್ರಿಕೆಗಳ ರೂಢಿಯನ್ನು ನಮ್ಮ ಧರ್ಮಕೇಂದ್ರದ ವರದಿಗಳಲ್ಲಾದರೂ ಬಿಡಬಹುದು. ‘ತರಾಟೆಗೆ ತೆಗೆದುಕೊಂಡರು’ ಎಂಬ ಒಳ್ಳೆಯ ಕನ್ನಡ ಇದೆ.