ವ್ಯಾಕ್ಸಿನ್, ಲಸಿಕೆ, ದೇವಿ: ಮೂರು ಪದಗಳ ಚರಿತ್ರೆ

‘ವ್ಯಾಕ್ಸಿನ್’ ಪದದ ಬೇರು ಲ್ಯಾಟಿನ್ನಿನ ‘ವಾಕ್ಕಾ’, ಅಂದ್ರೆ ಹಸು. 1796ರಲ್ಲಿ ಎಡ್ವರ್ಡ್ ಜೆನ್ನರ್ ದನದ ಸಿಡುಬಿನ ಕೀವನ್ನು ಹುಡುಗನೊಬ್ಬನ ತೋಳಿಗೆ ಹಾಕಿದ್ದರಿಂದ ಈ ಹೆಸರು. ಬೇರೆ ರೋಗಗಳ ಚುಚ್ಚುಮದ್ದಿಗೂ ಅದೇ ಹೆಸರಿರಲಿ ಅಂತ 1881ರಲ್ಲಿ ಲೂಯಿ ಪಾಶ್ಚರ್ ಸೂಚಿಸಿದರು.

ನಮ್ಮ ‘ಲಸಿಕೆ’ಯಲ್ಲಿ ಹಸು ಇಲ್ಲ ನೋಡಿ. ಸಂಸ್ಕೃತದ ‘ಲಸೀಕಾ’ ಎಂದರೆ ದೇಹದೊಳಗಿನ ನೀರಿನಂಥ ದ್ರವ. ಮರಾಠಿಯ ‘ಲಸ’ ಇದಕ್ಕೆ ಹತ್ತಿರದ್ದು. ಹಾಗಾಗಿ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರಿಗೆ ಎರಡೂ ಕಡೆಯ ಮಾತು ಸಲೀಸು. ಅದೇ ಮರಾಠಿಯಲ್ಲಿ ಸಿಡುಬಿಗೆ ‘ದೇವಿ’. ಅದರ ಲಸಿಕೆ ಹಾಕೋದೂ ‘ದೇವಿ ಟೋಚಣೆ’. ಕಾಸರಗೋಡಿನ ಕನ್ನಡಿಗರು ಮಲಯಾಳದಲ್ಲಿ ಕೇಳುವುದು ‘ವಸೂರಿ’.

ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾಯಿತು, ಪದಗಳು ಉಳಿದವು. ಗಡಿಯ ತಾಯಿಗೆ ಯಾವ ಪದದಲ್ಲಿ ಹೇಳ್ತೀವಿ ಅನ್ನೋದು ಇವತ್ತಿಗೂ ಸಣ್ಣ ಪ್ರಶ್ನೆಯಲ್ಲ.